ಒಂದು ಡಬ್ಬ ತುಪ್ಪ ಕಾಣೆಯಾದಾಗ: ಹಾರ್ಡ್‌ಬಾಯ್ಲ್ಡ್ ಪತ್ತೇದಾರಿ ಕಥೆಯನ್ನು ನಗೆಕಥೆಯಾಗಿ ಬರೆಯುವ ಸಮಗ್ರ ಮಾರ್ಗದರ್ಶಿ

ಪತ್ತೇದಾರನನ್ನು ಪೆದ್ದನನ್ನಾಗಿ ಮಾಡಿದರೆ ಓದುಗರು ಎರಡು ಪುಟ ನಗುತ್ತಾರೆ, ಮೂರನೆಯ ಪುಟಕ್ಕೆ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹಾರ್ಡ್‌ಬಾಯ್ಲ್ಡ್ ಕಥೆಯ, ಅಂದರೆ ಕೆಟ್ಟ ಊರಿನಲ್ಲಿ ಒಂಟಿಯಾಗಿ ನೆಟ್ಟಗೆ ನಿಲ್ಲುವ ಗಡಸು ಪತ್ತೇದಾರನ ಕಥೆಯ, ನಗೆರೂಪ ಗಟ್ಟಿಯಾಗಿ ನಿಲ್ಲಬೇಕಾದರೆ ಪ್ರಕರಣ ಸಣ್ಣದಿರಬೇಕು, ಅದನ್ನು ಹಿಡಿದು ಹೊರಟವನ ನಿಷ್ಠೆ ದೊಡ್ಡದಿರಬೇಕು. ಕಾಣೆಯಾಗಿರುವುದು ಮದುವೆ ಛತ್ರದ ಒಂದು ಡಬ್ಬ ತುಪ್ಪ. ಹುಡುಕುವವನಿಗೆ ಮಾತ್ರ ಊರಿನ ಮಾನವೇ ಆ ಡಬ್ಬದೊಳಗಿದೆ. ನಗು ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಅವನು ಒಂದೇ ಒಂದು ಸಲ ಓದುಗರ ಕಡೆ ತಿರುಗಿ ಕಣ್ಣು ಮಿಟುಕಿಸಿದರೂ ಆ ಅಂತರ ಮುಚ್ಚಿಹೋಗುತ್ತದೆ.

ನನಗೆ ಈ ಪ್ರಕಾರದ ಮೇಲೆ ಬಹಳ ಪ್ರೀತಿ. ಕನ್ನಡದಲ್ಲಿ ಇನ್ನಷ್ಟು ಜನ ಇದನ್ನು ಬರೆಯಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಬರೀ ಸೂತ್ರ ಹೇಳಿದರೆ ಉಪಯೋಗವಿಲ್ಲ; ಆ ತುಪ್ಪದ ಡಬ್ಬದ ಕಥೆಯನ್ನೇ ನಿಮ್ಮ ಮುಂದೆ ಹಂತ ಹಂತವಾಗಿ ಕಟ್ಟುತ್ತೇನೆ.

ಮೊದಲ ಹೆಜ್ಜೆ: ಮೂಲದ ಮಣ್ಣನ್ನು ತಿಳಿದುಕೊಳ್ಳಿ

ಹಾರ್ಡ್‌ಬಾಯ್ಲ್ಡ್ ಕಥೆ ಬೆಳೆದದ್ದು ಅಮೆರಿಕದಲ್ಲಿ, ಅಗ್ಗದ ಕಾಗದದ ಪತ್ರಿಕೆಗಳಲ್ಲಿ. ಅವುಗಳಲ್ಲಿ ಮುಖ್ಯವಾದದ್ದು 1920ರಲ್ಲಿ ಎಚ್. ಎಲ್. ಮೆಂಕೆನ್ ಮತ್ತು ಜಾರ್ಜ್ ಜೀನ್ ನೇಥನ್ ಶುರುಮಾಡಿದ ‘ಬ್ಲ್ಯಾಕ್ ಮಾಸ್ಕ್’. 1926ರಲ್ಲಿ ಜೋಸೆಫ್ ಶಾ ಅದರ ಸಂಪಾದಕರಾದ ಮೇಲೆ ಆ ಬರವಣಿಗೆಗೆ ಒಂದು ಬಿಗಿ ಬಂತು. ಅದೇ 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧವಿತ್ತು. ಕಳ್ಳ ಸಾರಾಯಿಯ ದುಡ್ಡು ಪೊಲೀಸರ ಜೇಬಿಗೂ ಹೋಗುತ್ತಿತ್ತು, ರಾಜಕಾರಣಿಗಳ ಜೇಬಿಗೂ ಹೋಗುತ್ತಿತ್ತು. ಕಾನೂನನ್ನೇ ನಂಬಲಾಗದ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಪಾಡಿಗೆ ನೆಟ್ಟಗಿರಲು ಸಾಧ್ಯವೇ ಎಂಬ ಪ್ರಶ್ನೆ ಈ ಕಥೆಗಳ ಬೆನ್ನೆಲುಬು.

ಈ ಪ್ರಕಾರದ ಇಬ್ಬರು ದೊಡ್ಡ ಲೇಖಕರಲ್ಲಿ ಒಬ್ಬರಾದ ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆಯಲ್ಲಿ ನಿಜವಾಗಿಯೂ ದುಡಿದವರು. ಹಾಗಾಗಿ ಅವರ ಕಥೆಗಳಲ್ಲಿ ಕಾಯುವುದು, ಹಿಂಬಾಲಿಸುವುದು, ವರದಿ ಬರೆಯುವುದು ಎಲ್ಲವೂ ಕಸುಬಾಗಿ ಬರುತ್ತವೆ. ಅವರ ಮೊದಲ ಪ್ರಸಿದ್ಧ ಪತ್ತೇದಾರನಿಗೆ ಹೆಸರೇ ಇಲ್ಲ. ಕುಳ್ಳ, ದಪ್ಪ, ನಡುವಯಸ್ಸು. ಇನ್ನೊಬ್ಬರಾದ ರೇಮಂಡ್ ಚಾಂಡ್ಲರ್ ತೈಲ ಕಂಪನಿಯೊಂದರ ಅಧಿಕಾರಿಯಾಗಿದ್ದವರು, 1932ರಲ್ಲಿ ಕೆಲಸ ಕಳೆದುಕೊಂಡರು. ಮೊದಲ ಕಥೆ ಅಚ್ಚಾದದ್ದು 1933ರ ಡಿಸೆಂಬರಿನಲ್ಲಿ, ನಲವತ್ತೈದರ ವಯಸ್ಸಿನಲ್ಲಿ. ಪತ್ತೇದಾರನ ಮಾತಿಗೆ ಕಾವ್ಯದ ಹೊಳಪು ತಂದುಕೊಟ್ಟವರು ಅವರು.

ಈ ಇಬ್ಬರದೂ ಒಂದೊಂದು ಕಾದಂಬರಿಯನ್ನಾದರೂ ಓದದೆ ಪೆನ್ನು ಹಿಡಿಯಬೇಡಿ. ಬರೀ ಟೋಪಿ, ಸಿಗರೇಟು, ಮಳೆ ನೋಡಿಕೊಂಡು ಬರೆದರೆ ವೇಷ ಸಿಗುತ್ತದೆಯೇ ಹೊರತು ಜೀವ ಸಿಗುವುದಿಲ್ಲ.

ಮೂಲದ ಮೇಲಿನ ಗೌರವ ನಗೆಯನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 1982ರ ‘ಡೆಡ್ ಮೆನ್ ಡೋಂಟ್ ವೇರ್ ಪ್ಲೇಡ್’ ಚಿತ್ರ. ಹಳೆಯ ಕಪ್ಪುಬಿಳುಪು ಚಿತ್ರಗಳ ತುಣುಕುಗಳ ನಡುವೆ ಹೊಸ ನಟರನ್ನು ಕೂರಿಸಿ ಮಾಡಿದ ಹಾಸ್ಯಚಿತ್ರ ಅದು. ಅದಕ್ಕೆ ಸಂಗೀತ ಕೊಟ್ಟವರು ಮಿಕ್ಲೋಶ್ ರೋಜಾ. 1940ರ ದಶಕದ ಅಸಲಿ ಅಪರಾಧ ಚಿತ್ರಗಳಿಗೆ ಸಂಗೀತ ಕೊಟ್ಟವರೂ ಅವರೇ. ಉಡುಪು ಮಾಡಿದವರು ಆ ಕಾಲದಲ್ಲೇ ಹೆಸರಾಗಿದ್ದ ಈಡಿತ್ ಹೆಡ್. ಸಂಗೀತದಲ್ಲಾಗಲಿ ಹೊಲಿಗೆಯಲ್ಲಾಗಲಿ ಒಂದು ಎಳೆ ತಮಾಷೆಯಿಲ್ಲ. ಅದರಿಂದಲೇ ಚಿತ್ರ ನಗಿಸುತ್ತದೆ.

ಎರಡನೆಯ ಹೆಜ್ಜೆ: ಪ್ರಕರಣ ಸಣ್ಣದಿರಲಿ, ನಷ್ಟ ನಿಜವಿರಲಿ

ಸಣ್ಣ ಪ್ರಕರಣವೆಂದರೆ ಯಾರಿಗೂ ಬೇಡದ ವಸ್ತು ಎಂದಲ್ಲ. ಹರಿದ ಕಾಲುಚೀಲ ಕಾಣೆಯಾದರೆ ಕಥೆ ನಡೆಯುವುದಿಲ್ಲ, ಯಾಕೆಂದರೆ ಅದಕ್ಕಾಗಿ ಯಾರ ನಿದ್ದೆಯೂ ಕೆಡುವುದಿಲ್ಲ. ಆಯ್ದುಕೊಂಡ ವಸ್ತುವಿಗೆ ತೂಕ ಇರಬೇಕು, ಬೆಲೆ ಇರಬೇಕು, ಅದು ಇಲ್ಲದಿದ್ದರೆ ಹತ್ತು ಜನರ ಮುಂದೆ ಯಾರದೋ ಮುಖ ಸಣ್ಣದಾಗಬೇಕು.

ನಮ್ಮ ಕಥೆಗೆ ತೀರ್ಥಹಳ್ಳಿ ಕಡೆಯ ಒಂದು ಮದುವೆ ಛತ್ರ. ಮಾಘ ಮಾಸ, ಧನುರ್ಮಾಸ ಮುಗಿದು ಮತ್ತೆ ಮದುವೆಗಳು ಶುರುವಾದ ಕಾಲ, ರಾತ್ರಿ ಇನ್ನೂ ಚಳಿ. ಬೆಳಗಿನ ಜಾವ ಮೂರಕ್ಕೆ ಭಟ್ಟರು ಮೂರನೆಯ ಡಬ್ಬದ ಮುಚ್ಚಳ ತೆಗೆಯುತ್ತಾರೆ. ಹದಿನೈದು ಕೆಜಿ ತುಪ್ಪ ಇರಬೇಕಾದ ಡಬ್ಬ ಖಾಲಿ. ಒಂಬತ್ತಕ್ಕೆ ಧಾರೆ, ಆಮೇಲೆ ಊಟ. ಮೊದಲ ಪಂಕ್ತಿಗೆ ಬೀಗರು ಕೂರುವ ಹೊತ್ತಿಗೆ ಎಲೆಯ ಮೇಲೆ ತುಪ್ಪ ಬೀಳದಿದ್ದರೆ ಆ ಮಾತು ಮುಂದಿನ ಮೂವತ್ತು ವರ್ಷ ನಡೆಯುತ್ತದೆ.

ಇಷ್ಟು ಸಿಕ್ಕಿದರೆ ಗಡುವು ಸಿಕ್ಕಿತು, ಜಾಗ ಸಿಕ್ಕಿತು, ಎರಡು ಬಣಗಳೂ ಸಿಕ್ಕಿದವು: ಹೆಣ್ಣಿನ ಕಡೆ, ಗಂಡಿನ ಕಡೆ. ಹ್ಯಾಮೆಟ್ ಒಂದು ಇಡೀ ಊರಿನಲ್ಲಿ ಗ್ಯಾಂಗುಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ಮಾಡಿದ ಕೆಲಸವನ್ನು ನೀವು ಒಂದು ಛತ್ರದೊಳಗೆ ಮಾಡಬಹುದು.

ಮೂರನೆಯ ಹೆಜ್ಜೆ: ಪತ್ತೇದಾರನನ್ನು ಕಸುಬಿನಿಂದ ಕಟ್ಟಿ

ಕೋಟು ಹಾಕಿಕೊಂಡ ಖಾಸಗಿ ಪತ್ತೇದಾರ ತೀರ್ಥಹಳ್ಳಿಯ ಛತ್ರಕ್ಕೆ ಬಂದರೆ ಅವನು ಎಲ್ಲಿಂದ ಬಂದ ಎಂದು ವಿವರಿಸುವುದರಲ್ಲೇ ಒಂದು ಪುಟ ಮುಗಿಯುತ್ತದೆ. ಬದಲಿಗೆ ಆ ಜಾಗದಲ್ಲಿ ಮೊದಲೇ ಇರುವ, ಎಲ್ಲರನ್ನೂ ಕಾಣುವ, ಯಾರ ಕಣ್ಣಿಗೂ ಬೀಳದ ಒಬ್ಬರನ್ನು ಹುಡುಕಿ. ನನ್ನ ಆಯ್ಕೆ ಮುಯ್ಯಿ ಬರೆಯುವವರು: ನಿವೃತ್ತ ಮೇಷ್ಟರು, ಬಾಗಿಲ ಬಳಿ ಮೇಜು, ಉದ್ದನೆಯ ಪುಸ್ತಕ, ಎರಡು ಪೆನ್ನು. ಯಾರು ಎಷ್ಟೊತ್ತಿಗೆ ಬಂದರು, ಯಾರು ಎಷ್ಟು ಕೊಟ್ಟರು, ಯಾರು ಕೊಡುವ ಹಾಗೆ ಮಾಡಿ ಜಾರಿಕೊಂಡರು, ಅವರಿಗೆ ಗೊತ್ತು. ಹ್ಯಾಮೆಟ್‌ನ ಪತ್ತೇದಾರನ ಹಾಗೆ ಇವರಿಗೂ ಹೆಸರು ಬೇಡ. ಎಲ್ಲರಿಗೂ ಅವರು ಬರೀ ಮೇಷ್ಟರು.

ಅವರಿಗೊಂದು ದರ ಇರಲಿ. ಚಾಂಡ್ಲರ್‌ನ ಪತ್ತೇದಾರ 1939ರ ಕಾದಂಬರಿಯಲ್ಲಿ ದಿನಕ್ಕೆ ಇಪ್ಪತ್ತೈದು ಡಾಲರ್ ಮತ್ತು ಖರ್ಚು ಕೇಳುತ್ತಾನೆ. ನಮ್ಮ ಮೇಷ್ಟರದು ಬಸ್ ಚಾರ್ಜು, ಎರಡು ಹೊತ್ತಿನ ಊಟ, ಹೊರಡುವಾಗ ತೆಂಗಿನಕಾಯಿ ತಾಂಬೂಲ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಕೊಟ್ಟರೆ ಅವರು ಮುಟ್ಟುವುದಿಲ್ಲ. ಜೊತೆಗೆ ಮುರಿಯಲಾಗದ ಒಂದು ನಿಯಮವೂ ಇರಲಿ: ತನ್ನ ಕೈಯಿಂದ ಆ ಪುಸ್ತಕದಲ್ಲಿ ಇಲ್ಲಿಯವರೆಗೆ ಒಂದು ಸುಳ್ಳು ಅಂಕಿ ಬಿದ್ದಿಲ್ಲ. ಈ ನಿಯಮವನ್ನು ಮೊದಲ ಪುಟದಲ್ಲೇ ಹೇಳಿಬಿಡಿ, ಕಥೆಯ ಕೊನೆಯಲ್ಲಿ ಅದರ ಕೆಲಸವಿದೆ.

ನಾಲ್ಕನೆಯ ಹೆಜ್ಜೆ: ಉತ್ತರದಿಂದ ಹಿಂದಕ್ಕೆ ನಡೆಯಿರಿ

ನಗೆಕಥೆಯಲ್ಲವೇ, ಪತ್ತೇದಾರಿಕೆ ಸಡಿಲವಿದ್ದರೂ ನಡೆಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಚಾಂಡ್ಲರ್‌ನ ಮೊದಲ ಕಾದಂಬರಿಯನ್ನು ಸಿನಿಮಾ ಮಾಡುವಾಗ ಅದರಲ್ಲಿನ ಒಂದು ಸಾವು ಕೊಲೆಯೋ ಆತ್ಮಹತ್ಯೆಯೋ ಎಂದು ತಂತಿ ಕಳಿಸಿ ಕೇಳಿದರಂತೆ. ತನಗೂ ಗೊತ್ತಿರಲಿಲ್ಲ ಎಂದು ಚಾಂಡ್ಲರ್ ಅವರೇ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾರೆ. ಚಾಂಡ್ಲರ್‌ಗೆ ಅದು ನಡೆಯಿತು, ಅವರ ವಾಕ್ಯಗಳಿಗೆ ಆ ಸೆಳೆತವಿತ್ತು. ನಗೆ ಬರೆಯುವವರಿಗೆ ನಡೆಯುವುದಿಲ್ಲ. ಓದುಗರು ನಗುತ್ತ ನಗುತ್ತ ಒಂದು ಕಣ್ಣು ತುಪ್ಪದ ಮೇಲೆಯೇ ಇಟ್ಟಿರುತ್ತಾರೆ.

ಹಾಗಾಗಿ ಮೊದಲು ಉತ್ತರ ಬರೆದಿಟ್ಟುಕೊಳ್ಳಿ. ನಮ್ಮ ಕಥೆಯ ಉತ್ತರ ಇದು: ತುಪ್ಪವನ್ನು ಯಾರೂ ಕದ್ದಿಲ್ಲ. ಮೂರನೆಯ ಡಬ್ಬದಲ್ಲಿ ತುಪ್ಪ ಮೊದಲಿಂದಲೂ ಇರಲಿಲ್ಲ. ಮದುಮಗಳ ತಂದೆಯ ಕೈಯಲ್ಲಿದ್ದ ದುಡ್ಡು ಎರಡೇ ಡಬ್ಬಕ್ಕೆ ಸಾಕಾಗಿತ್ತು. ಲೆಕ್ಕಕ್ಕೆ ಮೂರು ಕಾಣಲಿ ಎಂದು ಹಳೆಯ ಖಾಲಿ ಡಬ್ಬವೊಂದನ್ನು ತೊಳೆದು ಜೊತೆಗಿಟ್ಟರು. ಬೆಳಗಾಗುವುದರೊಳಗೆ ಹೇಗಾದರೂ ಹೊಂದಿಸಿಬಿಡಬಹುದು ಎಂಬ ನಂಬಿಕೆ ಅವರದು. ಉಗ್ರಾಣ ನೋಡಿಕೊಳ್ಳುವ ಹಳೆಯ ಸ್ನೇಹಿತನಿಗೆ ವಿಷಯ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ.

ಈಗ ಸುಳಿವುಗಳು. ಮೂರೇ ಸಾಕು.

ಮೊದಲನೆಯದನ್ನು ನಗುವಿನ ಅಡಿಯಲ್ಲಿ ಹೂಳಿ. ಸಂಜೆ ನಾಲ್ಕಕ್ಕೆ ಟೆಂಪೋದಿಂದ ಸಾಮಾನು ಇಳಿಯುತ್ತಿದೆ. ದೊಡ್ಡವರಿಬ್ಬರು ಒಂದೊಂದು ಡಬ್ಬ ಹೊತ್ತು ಏದುಸಿರು ಬಿಡುತ್ತ ಹೋಗುತ್ತಾರೆ. ಹಿಂದೆಯೇ ಹನ್ನೆರಡರ ಹುಡುಗನೊಬ್ಬ ಎಡಗೈಯಲ್ಲಿ ಮೂರನೆಯ ಡಬ್ಬ ಹಿಡಿದು, ಬಲಗೈಯಲ್ಲಿ ಬಾಳೆಹಣ್ಣು ತಿನ್ನುತ್ತ ಒಳಗೆ ಹೋಗುತ್ತಾನೆ. ಅಜ್ಜಿಯೊಬ್ಬರು ಹುಡುಗನ ಶಕ್ತಿಗೆ ದೃಷ್ಟಿ ತಾಗೀತು ಎಂದು ನೆಟಿಕೆ ಮುರಿಯುತ್ತಾರೆ. ಓದುಗರು ಅಜ್ಜಿಯನ್ನು ನೋಡಿ ನಗುತ್ತಾರೆ, ಡಬ್ಬದ ತೂಕವನ್ನು ಮರೆಯುತ್ತಾರೆ. ಈ ಪ್ರಕಾರದಲ್ಲಿ ನಿಮಗೆ ಸಿಗುವ ಅತಿ ದೊಡ್ಡ ಅನುಕೂಲ ಇದು: ನಕ್ಕ ಜಾಗವನ್ನು ಯಾರೂ ಎರಡನೆಯ ಸಲ ತಡಕುವುದಿಲ್ಲ.

ಎರಡನೆಯದು ತುಪ್ಪದ ಗುಣ. ಮಾಘದ ಚಳಿಗೆ ತುಪ್ಪ ಹರಳುಗಟ್ಟಿ ಕೂರುತ್ತದೆ, ಡಬ್ಬ ಬಗ್ಗಿಸಿದರೆ ಸುರಿಯುವುದಿಲ್ಲ. ಕದಿಯಬೇಕೆಂದರೆ ಸೌಟು ಹಾಕಿ ಬಗೆಯಬೇಕು, ಇಲ್ಲವೇ ಡಬ್ಬವನ್ನೇ ಬಿಸಿಮಾಡಬೇಕು. ಹೇಗೆ ತೆಗೆದರೂ ಒಳಗೋಡೆಗೆ ಜಿಡ್ಡು ಮೆತ್ತಿಕೊಂಡಿರುತ್ತದೆ. ಮೇಷ್ಟರು ಡಬ್ಬದೊಳಗೆ ಬೆರಳಾಡಿಸುತ್ತಾರೆ. ಬೆರಳು ಒಣಗಿಯೇ ಹೊರಬರುತ್ತದೆ, ತುದಿಗೆ ಬೆಸುಗೆಯ ಕಡೆಯ ತುಕ್ಕು ಮಾತ್ರ ಹತ್ತಿರುತ್ತದೆ. ಇಲ್ಲಿ ಮೇಷ್ಟರಿಂದ ವಿವರಣೆ ಕೊಡಿಸಬೇಡಿ. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು, ಪಂಚೆಯ ಮೇಲೆ ಜಿಡ್ಡಿನ ಕಲೆ ಬೀಳಲಿಲ್ಲವೆಂದು ಗಮನಿಸಿದರೆ ಸಾಕು.

ಮೂರನೆಯದು ಮೇಷ್ಟರಿಗೆ ಮಾತ್ರ ಕಾಣುವಂಥದ್ದು. ಉಗ್ರಾಣದ ಚೀಟಿಯಲ್ಲಿ ಕನ್ನಡ ಅಂಕಿಯಲ್ಲಿ ತುಪ್ಪ ೩ ಡಬ್ಬ ಎಂದಿದೆ. ಆ ೩ ಮೊದಲು ೨ ಆಗಿತ್ತು. ನಡುವೆ ಒಂದು ಸುಳಿ ಆಮೇಲೆ ಸೇರಿದ್ದು, ಶಾಯಿಯೂ ಬೇರೆ. ಜೀವಮಾನವಿಡೀ ಮಕ್ಕಳು ತಿದ್ದಿದ ಅಂಕಪಟ್ಟಿ ಹಿಡಿದವರ ಕಣ್ಣಿಗೆ ಇದು ತಪ್ಪಿಸಿಕೊಳ್ಳುತ್ತದೆಯೇ?

ತಪ್ಪು ದಾರಿ ಒಂದಾದರೂ ಬೇಕು. ಗಂಡಿನ ಚಿಕ್ಕಪ್ಪನ ಕೈ ತುಪ್ಪದ ವಾಸನೆ ಹೊಡೆಯುತ್ತಿದೆ, ಅವರು ರಾತ್ರಿ ಉಗ್ರಾಣದ ಕಡೆ ಸುಳಿದಾಡಿದ್ದನ್ನು ಕಂಡವರಿದ್ದಾರೆ. ವಿಚಾರಿಸಿದರೆ, ಸಕ್ಕರೆ ಕಾಯಿಲೆಯ ಮನುಷ್ಯ, ಹೆಂಡತಿ ಮಲಗಿದ ಮೇಲೆ ಹೋಳಿಗೆ ತಿನ್ನಲು ಹೋಗಿದ್ದರು. ಪ್ರತಿಯೊಬ್ಬ ಶಂಕಿತನೂ ಹೀಗೆ ಏನನ್ನಾದರೂ ಬಚ್ಚಿಡುತ್ತಿರಬೇಕು, ಆದರೆ ನೀವು ಹುಡುಕುತ್ತಿರುವುದನ್ನಲ್ಲ.

ಐದನೆಯ ಹೆಜ್ಜೆ: ದನಿ

‘ನಾನು’ ಎಂದು ಬರೆಯಿರಿ. ವಾಕ್ಯ ಗಿಡ್ಡ ಇರಲಿ. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಮೊದಲು; ಅನಿಸಿದ್ದು ಆಮೇಲೆ, ಅದೂ ಅಪರೂಪಕ್ಕೆ. ನಮ್ಮ ಕಥೆ ಹೀಗೆ ಶುರುವಾಗಬಹುದು:

“ಬೆಳಗಿನ ಜಾವ ಮೂರು ಗಂಟೆ. ಹೊರಗೆ ಮಂಜು ಅಡಿಕೆ ತೋಟ ಇಳಿದು ಛತ್ರದ ಗೇಟಿನವರೆಗೆ ಬಂದಿತ್ತು. ವಾಲಗದವರು ಡೋಲಿಗೆ ತಲೆಯಿಟ್ಟು ಮಲಗಿದ್ದರು. ಎಚ್ಚರವಿದ್ದವರು ಮೂವರು. ನಾನು, ಭಟ್ಟರು, ಮತ್ತು ನಿದ್ದೆ ಮಾಡುವ ಹಾಗೆ ನಟಿಸುತ್ತಿದ್ದ ಇನ್ನೊಬ್ಬರು. ಭಟ್ಟರು ಡಬ್ಬ ತೋರಿಸಿದರು. ಅವರ ಕೈ ನಡುಗುತ್ತಿತ್ತು. ಸಾವಿರ ಎಲೆಗೆ ಅನ್ನ ಮಾಡಿ ಹಾಕಿದ ಕೈ ಅದು.”

ಇಲ್ಲಿ ಮಳೆ ಇಲ್ಲ ಎಂಬುದನ್ನು ಗಮನಿಸಿ. ಚಾಂಡ್ಲರ್ ಕಥೆಗಳ ಲಾಸ್ ಏಂಜಲೀಸಿನ ಮಳೆ ಅಲ್ಲಿಗೆ ಸರಿ, ಮಾಘದ ಮಲೆನಾಡಿಗೆ ಮಂಜೇ ಸಾಕು. ನಗೆಯ ಪದ ಒಂದಾದರೂ ಇದೆಯೇ ನೋಡಿ, ಇಲ್ಲ. ಅದೇ ಜಾಗದಲ್ಲಿ “ಭಟ್ಟರ ಹೊಟ್ಟೆ ಡೋಲಿನಂತೆ ಕುಣಿಯಿತು” ಎಂದು ಬರೆದರೆ ಏನಾಗುತ್ತದೆ? ಮೇಷ್ಟರು ಭಟ್ಟರನ್ನು ಗೇಲಿ ಮಾಡಿದಂತಾಗುತ್ತದೆ. ಹಾಗೆ ಗೇಲಿ ಮಾಡುವವರು ಅವರ ತುಪ್ಪಕ್ಕಾಗಿ ರಾತ್ರಿ ನಿದ್ದೆಗೆಡುತ್ತಾರೆ ಎಂದರೆ ಯಾರು ನಂಬುತ್ತಾರೆ?

ಈ ಪ್ರಕಾರದ ಗುರುತೇ ಉಪಮೆ. ಅತಿ ಹೆಚ್ಚು ಹಾಳಾಗುವುದೂ ಅದೇ. ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಉಪಮೆ ಹೇಳುವವರ ಬದುಕಿನಿಂದ ಬರಬೇಕು. ಮುಯ್ಯಿ ಬರೆಯುವವರಿಗೆ ಲೋಕವೆಲ್ಲ ಕವರು, ಅಂಕಿ, ಹೆಸರು. “ಕವರಿನ ಮೇಲೆ ಐನೂರೊಂದು ಎಂದು ಬರೆದು ಒಳಗೆ ಬರೀ ಒಂದು ರೂಪಾಯಿ ನಾಣ್ಯ ಇಟ್ಟಂಥ ನಗು ನಕ್ಕರು.” ಇದು ಮೇಷ್ಟರ ಮಾತು. ಹಾವು, ಹುಲಿ, ಬಿರುಗಾಳಿ ಯಾರ ಮಾತೂ ಅಲ್ಲ. ಪುಟಕ್ಕೆ ಒಂದು ಸಾಕು, ಎರಡಾದರೆ ಒಂದನ್ನು ತೆಗೆಯಿರಿ. ಚೆನ್ನಾಗಿರುವುದು ಯಾವುದೆಂದು ತಿಳಿಯದಿದ್ದರೆ ಉದ್ದವಿರುವುದನ್ನು ತೆಗೆಯಿರಿ.

ಆರನೆಯ ಹೆಜ್ಜೆ: ಬೆದರಿಕೆಗೆ ಬದಲು ಉಪಚಾರ

ಅಮೆರಿಕದ ಕಥೆಯಲ್ಲಿ ಮಾತೆಂದರೆ ಚಕಮಕಿ. ಒಬ್ಬ ಚುಚ್ಚುತ್ತಾನೆ, ಇನ್ನೊಬ್ಬ ತಿರುಗಿ ಚುಚ್ಚುತ್ತಾನೆ. ಅದನ್ನು ಹಾಗೇ ಎತ್ತಿ ತಂದರೆ ನಮ್ಮ ಛತ್ರದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಎಂದು ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಬಾಯಿ ಮುಚ್ಚಿಸುವ ಆಯುಧ ಉಪಚಾರ.

“ಭಟ್ರೇ, ಉಗ್ರಾಣದ ಬೀಗದ ಕೈ ಯಾರ ಹತ್ರ ಇತ್ತು?”

“ಇರಬೇಕಾದವರ ಹತ್ರ.”

“ಈಗ?”

“ಕಾಫಿ ಕುಡೀರಿ ಮೇಷ್ಟ್ರೇ, ಆರಿ ಹೋಗುತ್ತೆ.”

“ಆಗ್ಲೇ ಕುಡಿದೆ.”

“ಇನ್ನೊಂದು ಲೋಟ ಕುಡೀರಿ. ನಿಮಗೆ ಇದೆಲ್ಲ ಯಾಕೆ?”

ಕೊನೆಯ ಸಾಲು ಬೆದರಿಕೆಯೇ. ದನಿ ಮಾತ್ರ ಏರಿಲ್ಲ.

ಇದೇ ರೀತಿ ಮೂಲದ ಪ್ರತಿಯೊಂದು ಸಾಮಗ್ರಿಗೂ ಆ ಜಾಗದಲ್ಲಿ ಅದರದೇ ಕೆಲಸ ಮಾಡುವ ವಸ್ತು ಹುಡುಕಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಕಥೆಯಲ್ಲಿ ಅದು ಏನು ಮಾಡುತ್ತಿತ್ತು? ಪತ್ತೇದಾರನ ತಲೆಗೆ ಹಿಂದಿನಿಂದ ಪೆಟ್ಟು ಬೀಳುವುದು ಹಾರ್ಡ್‌ಬಾಯ್ಲ್ಡ್ ಕಥೆಯ ಮಾಮೂಲು. ಆ ಪೆಟ್ಟಿನ ಕೆಲಸವೇನು? ಅವನನ್ನು ಎರಡು ಗಂಟೆ ಕತ್ತಲೆಗೆ ತಳ್ಳುವುದು, ಅಷ್ಟರಲ್ಲಿ ಏನೋ ನಡೆದುಹೋಗುವುದು. ಛತ್ರದಲ್ಲಿ ಆ ಕೆಲಸ ಮಾಡುವುದು ಒತ್ತಾಯದ ಊಟ. ರಾತ್ರಿ ಪಂಕ್ತಿಯಲ್ಲಿ ಗಂಡಿನ ಕಡೆಯ ಇಬ್ಬರು ಮೇಷ್ಟರ ಆಚೆ ಈಚೆ ಕೂರುತ್ತಾರೆ. ಒಬ್ಬರು ಎಲೆಗೆ ಅಡ್ಡ ಹಿಡಿದ ಕೈಯನ್ನು ಪ್ರೀತಿಯಿಂದ ಸರಿಸುತ್ತಾರೆ, ಇನ್ನೊಬ್ಬರು ಹೋಳಿಗೆ ಹಾಕಿಸುತ್ತಾರೆ. ನಾಲ್ಕನೆಯ ಹೋಳಿಗೆಯ ಮೇಲೆ ಮೇಷ್ಟರಿಗೆ ನೆನಪಿರುವುದು ದೀಪಗಳು ಮಂಕಾದದ್ದಷ್ಟೇ. ಎದ್ದಾಗ ಮೂರು ಗಂಟೆ, ಭಟ್ಟರು ಭುಜ ಅಲುಗಿಸುತ್ತಿದ್ದಾರೆ.

ಕಥೆ ನಿಂತಲ್ಲೇ ನಿಂತರೆ ಪಿಸ್ತೂಲು ಹಿಡಿದವನೊಬ್ಬನನ್ನು ಬಾಗಿಲಿನಿಂದ ಒಳಗೆ ಕಳಿಸಿ ಎಂಬ ಉಪಾಯದ ಬಗ್ಗೆ ಚಾಂಡ್ಲರ್ ಬರೆದಿದ್ದಾರೆ. ನಿಮ್ಮ ಬಾಗಿಲಲ್ಲಿ ಮದುಮಗಳ ಅಜ್ಜಿ ಉರಿಯುವ ಆರತಿ ತಟ್ಟೆ ಹಿಡಿದು ನಿಂತು, “ತುಪ್ಪದ ದೀಪ ಹಚ್ಚಬೇಕು, ತುಪ್ಪ ಎಲ್ಲಿ?” ಎಂದು ಕೇಳಲಿ.

ಏಳನೆಯ ಹೆಜ್ಜೆ: ಕೆಲಸ ಒಪ್ಪಿಸುವ ಹೆಂಗಸು

ಮೂಲ ಕಥೆಗಳಲ್ಲಿ ಅರ್ಧ ಸತ್ಯ ಹೇಳಿ ಕೆಲಸ ಒಪ್ಪಿಸುವ ಸುಂದರಿಯೊಬ್ಬಳು ಇರುತ್ತಾಳೆ, ಎಷ್ಟೋ ಸಲ ಅವಳೇ ಅಪರಾಧಿ. ಆ ಬರಹಗಳಲ್ಲಿ ಹೆಂಗಸರನ್ನು, ಬೇರೆ ಬಣ್ಣದವರನ್ನು ಕಂಡ ರೀತಿಯಲ್ಲಿ ಇಂದು ಮುಜುಗರ ತರುವಂಥದ್ದು ಬಹಳ ಇದೆ. ಅದನ್ನು ಮರುಬಳಸಿ ತಮಾಷೆ ಎಂದು ಹೆಸರಿಡಬೇಡಿ. ಅರ್ಧ ಸತ್ಯವನ್ನು ಮಾತ್ರ ಉಳಿಸಿಕೊಳ್ಳಿ.

ನಮ್ಮ ಕಥೆಯಲ್ಲಿ ಅವರು ಮದುಮಗಳ ಸೋದರತ್ತೆ. ಮೂರೂವರೆಗೆ ಶಾಲು ಹೊದ್ದು ಬಂದು, “ಮೇಷ್ಟ್ರೇ, ಗಂಡಿನ ಕಡೆಯವರದೇ ಕೆಲಸ ಇದು. ನೀವು ಹೇಳಿದ್ರೆ ಊರು ನಂಬುತ್ತೆ” ಎನ್ನುತ್ತಾರೆ. ಆ ಹುಡುಗಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದಿದ್ದವರು ಅವರು. ಅಣ್ಣ ಒಂದು ಮಾತೂ ಕೇಳದೆ ಬೇರೆ ಕಡೆ ಒಪ್ಪಿಕೊಂಡ. ಅವರ ನೋವು ನಿಜವಾದದ್ದು, ಅದಕ್ಕೆ ಒಂದು ಪ್ಯಾರಾ ಬಿಟ್ಟುಕೊಡಿ. ಆ ಪ್ಯಾರಾದಲ್ಲಿ ಯಾರೂ ನಗಬೇಕಿಲ್ಲ.

ಎಂಟನೆಯ ಹೆಜ್ಜೆ: ಮುಕ್ತಾಯದಲ್ಲಿ ಬೆಲೆ ತೆರಿಸಿ

ಹಾರ್ಡ್‌ಬಾಯ್ಲ್ಡ್ ಕಥೆಯಲ್ಲಿ ಸತ್ಯ ಗೊತ್ತಾದ ಮೇಲೂ ಪತ್ತೇದಾರ ಗೆದ್ದಂತಿರುವುದಿಲ್ಲ, ಏನನ್ನಾದರೂ ಕಳೆದುಕೊಂಡಿರುತ್ತಾನೆ. ನಗೆರೂಪದಲ್ಲೂ ಇದನ್ನು ಬಿಡಬೇಡಿ.

ಮೇಷ್ಟರಿಗೆ ಉತ್ತರ ಸಿಕ್ಕಿದೆ. ಹೇಳಿದರೆ ತಂದೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಗಂಡಿನ ಕಡೆಯವರ ಮೇಲೆ ಕಳ್ಳತನದ ಗುಮಾನಿ ಉಳಿಯುತ್ತದೆ. ಐದಕ್ಕೆ ಅವರು ಪರಿಚಯದ ಅಂಗಡಿಯವನನ್ನು ಎಬ್ಬಿಸಿ, ತನ್ನ ಪಿಂಚಣಿ ದುಡ್ಡಿನಲ್ಲಿ ಒಂದು ಡಬ್ಬ ತರಿಸುತ್ತಾರೆ. ಆಮೇಲೆ ಮುಯ್ಯಿ ಪುಸ್ತಕ ಬಿಡಿಸಿ, ನಿನ್ನೆಯ ತಾರೀಖಿನ ಕೆಳಗೆ ಬರೆಯುತ್ತಾರೆ: ತುಪ್ಪ, ೧ ಡಬ್ಬ, ಕೊಟ್ಟವರು ಹೆಸರು ಹೇಳಲಿಲ್ಲ. ಆ ಪುಸ್ತಕದಲ್ಲಿ ಅವರ ಕೈ ಬರೆದ ಮೊದಲ ಸುಳ್ಳು ಅದು. ಖಾಲಿ ಡಬ್ಬ ತಪ್ಪಿ ಸೇರಿಕೊಂಡದ್ದು, ಮೂರನೆಯದು ಮುಯ್ಯಿಯಾಗಿ ಬಂದದ್ದು ಎಂದು ಭಟ್ಟರಿಗೂ ಸೋದರತ್ತೆಗೂ ಪುಸ್ತಕ ತೋರಿಸುತ್ತಾರೆ. ಮೇಷ್ಟರ ಪುಸ್ತಕದಲ್ಲಿದೆ ಎಂದ ಮೇಲೆ ಯಾರೂ ಎದುರಾಡುವುದಿಲ್ಲ.

ಮೂರನೆಯ ಹೆಜ್ಜೆಯಲ್ಲಿ ಇಟ್ಟ ನಿಯಮ ಇಲ್ಲಿ ಮುರಿಯಿತು, ಕಥೆಗೆ ಬೇಕಾದ ಬೆಲೆ ಸಂದಿತು.

ಒಂಬತ್ತನೆಯ ಹೆಜ್ಜೆ: ತಿದ್ದುವುದು

ಇಂಥ ಕಥೆಗೆ ಮೂರು ನಾಲ್ಕು ಸಾವಿರ ಪದ ಹದ. ಅದಕ್ಕಿಂತ ಉದ್ದವಾದರೆ ದನಿ ಒಂದೇ ರಾಗವಾಗುತ್ತದೆ. ಬರೆದದ್ದನ್ನು ಎರಡು ದಿನ ಮುಚ್ಚಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ಓದುವಾಗ ನಿಮ್ಮ ದನಿ ತಾನಾಗಿ ಎಲ್ಲಿ ನಾಟಕದ ದನಿಯಾಗುತ್ತದೋ ಅಲ್ಲಿ ಗೆರೆ ಎಳೆಯಿರಿ. ಆ ಸಾಲು ನಗಿಸಲು ಹೊರಟಿದೆ ಎಂದರ್ಥ. ಆಮೇಲೆ ಸುಳಿವುಗಳನ್ನು ಮಾತ್ರ ಹೆಕ್ಕಿ ಒಂದು ಹಾಳೆಗೆ ಬರೆದು, ಕಥೆ ಓದಿರದ ಯಾರಿಗಾದರೂ ಕೊಡಿ. ಅವರು ಉತ್ತರಕ್ಕೆ ತಲುಪಿದರೆ ಪತ್ತೇದಾರಿಕೆ ಸರಿಯಿದೆ. ಇನ್ನೊಬ್ಬರಿಗೆ ಇಡೀ ಕಥೆ ಕೊಡಿ. ಅವರೂ ಅಷ್ಟೇ ಸುಲಭವಾಗಿ ತಲುಪಿದರೆ ಬಾಳೆಹಣ್ಣಿನ ಹುಡುಗನ ಮೇಲೆ ಇನ್ನೊಂದಿಷ್ಟು ನಗು ಹೊದಿಸಬೇಕು.

ಶೀರ್ಷಿಕೆ ಕೊನೆಗೆ ಇಡಿ. ಅದರಲ್ಲೂ ನಗೆ ಬೇಡ. ‘ತುಪ್ಪದ ತಂಟೆ’, ‘ಗೋಲ್‌ಮಾಲ್ ತುಪ್ಪ’ ಎಂದಿಟ್ಟರೆ ಓದುಗರು ನಗಲು ತಯಾರಾಗಿ ಕೂರುತ್ತಾರೆ, ಮೇಷ್ಟರನ್ನು ಮೊದಲ ಸಾಲಿನಿಂದಲೇ ಹಗುರವಾಗಿ ಕಾಣುತ್ತಾರೆ. ‘ಮೂರನೆಯ ಡಬ್ಬ’ ಎಂದಿಡಿ.